ರವೆ ಹಚ್ಚಿದ ಸ್ಪೀಕರು

ಉಪ್ಪಿಟ್ಟಿಗೆಂದು ಪದ್ಮಮ್ಮ ತೆಗೆದಿಟ್ಟಿದ್ದ ರವೆಯಲ್ಲಿ ಒಂದು ಹಿಡಿ ಕಡಿಮೆಯಾಗಿತ್ತು. ಅದು ಅವಳಿಗೆ ಗೊತ್ತಾಗುವ ಹೊತ್ತಿಗೆ ಅವಳ ಗಂಡ ಸುಬ್ಬಕೃಷ್ಣ ಹಿತ್ತಲಿನ ಶೆಡ್ಡಿನಲ್ಲಿ ಕೂತು ಅದಕ್ಕೆ ನೀರು ಚಿಮುಕಿಸಿ ನಾದುತ್ತಿದ್ದ. ರೇಡಿಯೋ ರಿಪೇರಿ ಮಾಡುವ ಗಂಡಸಿಗೆ ಬೆಳಗ್ಗೆ ಎದ್ದು ರವೆ ನಾದುವ ಕೆಲಸ ಏನಿರುತ್ತದೆ ಎಂದು ಯಾರಾದರೂ ಕೇಳಬಹುದಿತ್ತು. ಕೇಳಿದವಳು ಅವಳೊಬ್ಬಳೇ.

"ರೀ, ರವೆ ತಗೊಂಡ್ರಾ?"

"ಸ್ವಲ್ಪ."

"ತಿನ್ನೋದಕ್ಕೋ, ನಿಮ್ಮ ಸ್ಪೀಕರಿಗೋ?"

"ಅಪ್ಪನಿಗೆ ಹೇಳ್ಬೇಡ."

"ನಾನ್ಯಾಕೆ ಹೇಳ್ಲಿ? ತಟ್ಟೆಗೆ ಉಪ್ಪಿಟ್ಟು ಕಡಿಮೆ ಬಿದ್ರೆ ಅವರಿಗೇ ಗೊತ್ತಾಗತ್ತೆ."

ಅಪ್ಪನಿಗೆ ಹೇಳಬೇಡ ಎಂಬ ಮಾತನ್ನು ನಲವತ್ತು ದಾಟಿದ ಮೇಲೂ ಆಡಬೇಕಾಗಿ ಬಂದದ್ದಕ್ಕೆ ಸುಬ್ಬಕೃಷ್ಣನಿಗೆ ನಾಚಿಕೆಯಾಯಿತು. ಕೈ ಮಾತ್ರ ನಿಲ್ಲಲಿಲ್ಲ. ಅಪ್ಪ ಸೀತಾರಾಮಯ್ಯನವರು ಮೃದಂಗ ವಿದ್ವಾಂಸರು. ಮೃದಂಗದ ಎಡಗಡೆಯ ಚರ್ಮಕ್ಕೆ ಕಛೇರಿಗೆ ಮುಂಚೆ ರವೆಯ ಕಣಕ ಮೆತ್ತಬೇಕು. ಆ ಭಾರಕ್ಕೆ ಚರ್ಮದ ದನಿ ತಗ್ಗಿ, ಗುಂ ಎಂದು ಹೊಟ್ಟೆಯೊಳಗಿಂದ ಬಂದಂತೆ ಬರುತ್ತದೆ. ರವೆ ಒಣಗಿದರೆ ದನಿ ಏರುತ್ತದೆ, ಮತ್ತೆ ನೀರು ಮುಟ್ಟಿಸಬೇಕು. ಚಿಕ್ಕಪೇಟೆಯ ಮನೆಯ ಹಜಾರದಲ್ಲಿ ಊರವರ ಮಕ್ಕಳೆಲ್ಲ ಸಾಲಾಗಿ ಕೂತು ಪಾಠ ಹೇಳಿಸಿಕೊಳ್ಳುತ್ತಿದ್ದಾಗ ವಿದ್ವಾಂಸರ ಸ್ವಂತ ಮಗ ಅಡುಗೆಮನೆಯ ಬಾಗಿಲಲ್ಲಿ ಕೂತು ಅವರಿಗೆಲ್ಲ ರವೆ ನಾದಿಕೊಡುತ್ತಿದ್ದ. ಮೊದಲು ಅವನನ್ನೂ ಸಾಲಿನಲ್ಲಿ ಕೂರಿಸಿದ್ದರು. ಒಂದು ದಿನ ಅಪ್ಪ ಅವನ ಎಡಗೈಯನ್ನು ಮಣಿಕಟ್ಟಿನಲ್ಲಿ ಹಿಡಿದೆತ್ತಿ ಎಲ್ಲರಿಗೂ ತೋರಿಸಿ, "ಇದು ಕೈಯಲ್ಲ ಕಣ್ರೋ, ಸೌಟು" ಎಂದರು. ಶಿಷ್ಯರು ನಕ್ಕರು. ಗುರುಗಳು ಹಾಸ್ಯ ಮಾಡಿದಾಗ ನಗುವುದೂ ಪಾಠದಲ್ಲೇ ಸೇರಿತ್ತು. ಸುಬ್ಬಕೃಷ್ಣನೂ ನಕ್ಕ, ಯಾಕೆಂದರೆ ಅಳುವುದಕ್ಕೆ ತಾಳ ಯಾವುದು ಎಂದು ಯಾರೂ ಹೇಳಿಕೊಟ್ಟಿರಲಿಲ್ಲ. ಮರುದಿನದಿಂದ ಅವನು ರವೆಗೆ ಬಡ್ತಿ ಹೊಂದಿದ. ಅವನು ನಾದಿದ ರವೆ ಬೆರಳಿಗೆ ಅಂಟುತ್ತಿರಲಿಲ್ಲ, ಚರ್ಮ ಬಿಡುತ್ತಿರಲಿಲ್ಲ. ಅದನ್ನು ಅಪ್ಪ ಹೊಗಳಿದ್ದರೇ? ಇಲ್ಲ. ರವೆಯನ್ನು ಯಾರು ಹೊಗಳುತ್ತಾರೆ.

ಈಗ ಅವನ ಮುಂದೆ ಇದ್ದದ್ದು ಮೃದಂಗವಲ್ಲ, ಹಲಸಿನ ಹಲಗೆಯ ದೊಡ್ಡ ಪೆಟ್ಟಿಗೆ. ಅದರ ಮುಖದಲ್ಲಿ ಊಟದ ತಟ್ಟೆಗಿಂತ ಅಗಲವಾದ ಕಪ್ಪು ಸ್ಪೀಕರು. ಗುಬ್ಬಿಯ ರಸ್ತೆ ಗುತ್ತಿಗೆದಾರ ಮಹಾಲಿಂಗಯ್ಯನ ಬಿಳಿ ಅಂಬಾಸಿಡರ್ ಕಾರಿನ ಡಿಕ್ಕಿಗೆಂದು ಅದನ್ನು ಮಾಡಿದ್ದ. ಮಹಾಲಿಂಗಯ್ಯ ಬೆಂಗಳೂರಿನಲ್ಲಿ ಯಾರದೋ ಫಾರಿನ್ ಕಾರು ಹತ್ತಿ ಬಂದಿದ್ದ. ಅದರಲ್ಲಿ ಹಾಡು ಕಿವಿಗಲ್ಲ, ಹೊಟ್ಟೆಗೆ ಕೇಳಿಸಿತಂತೆ. "ನಂಗೂ ಹೊಟ್ಟೆಗೇ ಕೇಳ್ಬೇಕು ಸೋಮಿ. ಕಾರು ಬೀದಿ ತಿರುಗೋಕೆ ಮುಂಚೆ ಮನೆ ಒಳಗಿರೋ ಪಾತ್ರೆ ಎಲ್ಲಾ ಅಲ್ಲಾಡ್ಬೇಕು" ಎಂದು ಅಶೋಕ ರಸ್ತೆಯ ರೇಡಿಯೋ ಅಂಗಡಿಗೆ ಬಂದು ಕೇಳಿದ್ದ. ಅವನು ಹಾಕಿಸಿದ ರಸ್ತೆಗಳ ಮೇಲೆ ಹೋದರೆ ಪಾತ್ರೆ ಹೇಗೂ ಅಲ್ಲಾಡುತ್ತಿದ್ದವು. ಆದರೆ ಅದನ್ನು ಅಂಗಡಿಗೆ ಬಂದ ಗಿರಾಕಿಯ ಎದುರಿಗೆ ಹೇಳುವ ಧೈರ್ಯ ಸುಬ್ಬಕೃಷ್ಣನಿಗೆ ಯಾವತ್ತೂ ಇರಲಿಲ್ಲ. ಆಗಲಿ ಎಂದ.

ಆಗಲಿ ಎಂದದ್ದೇ ತಡ, ಜೀವನದಲ್ಲಿ ಮೊದಲ ಸಲ ನಿದ್ದೆ ಕೆಡುವಷ್ಟು ಸಂತೋಷವಾಯಿತು. ಕಡಬದ ಮುಚ್ಚಿಹೋದ ಟೆಂಟು ಸಿನಿಮಾದವರಿಂದ ಹಳೆಯ ಸ್ಪೀಕರಿನ ಅಯಸ್ಕಾಂತ ತಂದ. ತಂತಿ ಸುತ್ತುವ ಕೊಳವೆಗೆ ಗಟ್ಟಿ ಕಾಗದ ಸಾಲದೆಂದು ಡಾಕ್ಟರ ಹತ್ತಿರ ಯಾರದೋ ಮುರಿದ ಕಾಲಿನ ಎಕ್ಸ್‌ರೇ ಹಾಳೆ ಬೇಡಿ ತಂದು ಸುರುಳಿ ಮಾಡಿದ. ಅದರ ಮೇಲೆ ತಾಮ್ರದ ತಂತಿಯನ್ನು ಎಳೆಗೆ ಎಳೆ ತಾಗುವಂತೆ, ಉಸಿರು ಕಟ್ಟಿ, ಕೈಯಿಂದ ಸುತ್ತಿದ. ಸ್ಪೀಕರಿನ ಅಂಚಿಗೆ ಬಟ್ಟೆ ಮಡಿಸಿ ಸೈಕಲ್ಲಿನ ಪಂಚರ್ ಸಲ್ಯೂಷನ್ ಕುಡಿಸಿದ. ಕಾಗದವನ್ನು ನೆನೆಹಾಕಿ, ರುಬ್ಬಿ, ಬಾಣಲೆ ಬೋರಲು ಹಾಕಿ ಅದರ ಮೇಲೆ ತಟ್ಟಿ ಒಣಗಿಸಿ ಸ್ಪೀಕರಿನ ಮುಖಕ್ಕೆ ದೊಡ್ಡ ಕೋನು ಮಾಡಿದ. ಆ ಬಾಣಲೆ ಮತ್ತೆ ಅಡುಗೆಮನೆಗೆ ಹೋಗಲಿಲ್ಲ. ಅದರ ಬಗ್ಗೆ ಪದ್ಮಮ್ಮ ಆಡಿದ ಮಾತುಗಳು ಬೇರೆ. ಡಿಕ್ಕಿಯಲ್ಲಿಡಲೆಂದು ಒಂದು ಲಾರಿ ಬ್ಯಾಟರಿ, ಪಕ್ಕದಲ್ಲಿ ತಾನೇ ಜೋಡಿಸಿದ ಆಂಪ್ಲಿಫೈಯರ್. ಎಲ್ಲಾ ಸೇರಿಸಿ ಕ್ಯಾಸೆಟ್ ಹಾಕಿದಾಗ ಶೆಡ್ಡಿನ ಹೆಂಚು ನಡುಗಿತು. ನಡುಗಿತು, ಸರಿ. ಆದರೆ ಅವನಿಗೆ ಬೇಕಾದ ಆಳ ಬರಲಿಲ್ಲ. ಅದು ಗುದ್ದುತ್ತಿತ್ತು, ತುಂಬುತ್ತಿರಲಿಲ್ಲ. ಒಂದು ವಾರ ಪುಸ್ತಕ ನೋಡಿದ, ಪೆಟ್ಟಿಗೆಗೆ ಬೇರೆ ಬೇರೆ ಅಳತೆಯ ತೂತು ಕೊರೆದ. ಕೊನೆಗೆ ಏನೂ ಯೋಚಿಸದಿದ್ದ ಒಂದು ಗಳಿಗೆಯಲ್ಲಿ ಕೈ ತಾನಾಗಿ ಹೋಗಿ ರವೆಯ ಡಬ್ಬ ತೆಗೆಯಿತು. ಕೋನಿನ ನಡುವೆ ದುಂಡಗೆ ಮೆತ್ತಿದ. ಸ್ವಿಚ್ಚು ಹಾಕಿದ. ಗುಂ ಎಂದು ಬಂತು. ಅಡುಗೆಮನೆಯ ಬಾಗಿಲಲ್ಲಿ ಕೂತು ಅವನು ಕೇಳಿಸಿಕೊಂಡಿದ್ದ ಅದೇ ಗುಂ. ಸುಬ್ಬಕೃಷ್ಣ ನೆಲದ ಮೇಲೆ ಕೂತುಬಿಟ್ಟ. ಕಣ್ಣಲ್ಲಿ ನೀರು ಬಂತು. ಮರುಕ್ಷಣ ಕಳ್ಳತನ ಮಾಡಿದಂತೆ ಅನಿಸಿತು.

ಅವನಿಗೆ ಬೇಕಾಗಿದ್ದದ್ದು ಬಹಳ ಸಣ್ಣದು, ಹಾಗಾಗಿಯೇ ಕೇಳಲು ಅವಮಾನ. ಅಪ್ಪ ಒಂದು ಸಲ ಇದನ್ನು ಕೇಳಿ ತಲೆದೂಗಬೇಕು. ಭೇಷ್ ಎನ್ನುವುದೂ ಬೇಡ. ಊರಿನ ಮಕ್ಕಳಿಗೆಲ್ಲ ಹಂಚಿದ ಭೇಷ್‌ಗಳಲ್ಲಿ ಒಂದನ್ನೂ ಉಳಿಸಿಕೊಳ್ಳದೆ ಖಾಲಿ ಮಾಡಿದ್ದಾರೆಂದು ಅವನಿಗೆ ಗೊತ್ತಿತ್ತು. ತಲೆ ಸ್ವಲ್ಪ ಅಲ್ಲಾಡಿದರೆ ಸಾಕು. ಆದರೆ ಅಪ್ಪನಿಗೆ ಸ್ಪೀಕರ್ ಎಂದರೆ ಮೈಲಿಗೆ. ಮೈಕು ಇಟ್ಟ ಕಛೇರಿಗೆ ಅವರು ಹೋಗುತ್ತಿರಲಿಲ್ಲ. ಇತ್ತೀಚೆಗೆ ಯಾರೂ ಕರೆಯುತ್ತಲೂ ಇರಲಿಲ್ಲವಾದ್ದರಿಂದ ಆ ನಿಯಮ ಪಾಲಿಸುವುದು ಸುಲಭವಾಗಿತ್ತು. ಶೆಡ್ಡಿನ ಕಡೆ ಅವರು ಕಾಲಿಡುತ್ತಿರಲಿಲ್ಲ. ಅದಕ್ಕೇ ಮಹಾಲಿಂಗಯ್ಯ, "ನಮ್ ಮಗಳಿಗೆ ಕುಣಿಗಲ್‌ನಲ್ಲಿ ಗಂಡಿನ ಮನೆ ನೋಡೋ ಶಾಸ್ತ್ರಕ್ಕೆ ಹೊಂಟಿದೀವಿ. ನೀವೂ ಜೊತೇಲಿ ಬನ್ನಿ ಸೋಮಿ, ದಾರೀಲಿ ಏನಾದ್ರೂ ಕೆಟ್ಟೋದ್ರೆ ಇರ್ಲಿ" ಎಂದಾಗ, ಸುಬ್ಬಕೃಷ್ಣ ತನಗೇ ಆಶ್ಚರ್ಯವಾಗುವಂತೆ, "ನಮ್ಮ ತಂದೆಯವರೂ ಬರ್ತಾರೆ, ನಮ್ಮಕ್ಕ ತುಳಸಮ್ಮನ ಮನೆ ಅಲ್ಲೇ" ಎಂದುಬಿಟ್ಟಿದ್ದ. ಬಸ್ಸಿನ ಧೂಳಿನ ಮೇಲೆ ಅಪ್ಪನಿಗಿದ್ದ ದ್ವೇಷ ಸ್ಪೀಕರಿನ ಮೇಲಿದ್ದದ್ದಕ್ಕಿಂತ ಹೆಚ್ಚು. ಒಪ್ಪಿದರು.

ಆ ಬೆಳಗ್ಗೆ ರವೆ ನಾದಿ ಮುಗಿಸುವಷ್ಟರಲ್ಲಿ ಕಾರು ಬಂತು. ಸುಬ್ಬಕೃಷ್ಣ ಹೊಸದಾಗಿ ಮೆತ್ತಿದ ರವೆಯ ಪೆಟ್ಟಿಗೆಯನ್ನು ಡ್ರೈವರ್ ರಂಗಣ್ಣನ ಜೊತೆ ಹೊತ್ತು ಡಿಕ್ಕಿಗೆ ಇಳಿಸಿದ. ಹೆಂಗಸರು ಬೇರೆ ವ್ಯಾನಿನಲ್ಲಿ ಮುಂದೆ ಹೋಗಿದ್ದರು. ಮುಂದಿನ ಸೀಟಿನಲ್ಲಿ ರೇಷ್ಮೆ ಪಂಚೆಯ ಮಹಾಲಿಂಗಯ್ಯ. ಹಿಂದೆ ಒಂದು ಬದಿಗೆ ಶಾಲು ಹೊದ್ದು, ಕಾಲ ಬಳಿ ಕುಡಿಯುವ ನೀರಿನ ಚೊಂಬಿಟ್ಟುಕೊಂಡ ಅಪ್ಪ, ಇನ್ನೊಂದು ಬದಿಗೆ ಅವನು, ನಡುವೆ ಹಣ್ಣು ಹೂವಿನ ತಟ್ಟೆಗಳು. ತಟ್ಟೆಗಳಿಗೆ ಜಾಗ ಸಾಲದೆ ಒಂದನ್ನು ಅವನ ತೊಡೆಯ ಮೇಲೂ ಇಟ್ಟರು. "ಕದಲಿಸ್ಬೇಡಿ ಸೋಮಿ, ಬೀಗರ ಮನೇದು" ಎಂದ ಮಹಾಲಿಂಗಯ್ಯ. ಸುಬ್ಬಕೃಷ್ಣ ಕದಲಲಿಲ್ಲ. ಹೀಗೆ ಬೇರೆಯವರ ಸಂಭ್ರಮವನ್ನು ತೊಡೆಯ ಮೇಲಿಟ್ಟುಕೊಂಡು ಅಲುಗಾಡದೆ ಕೂರುವುದು ಅವನಿಗೆ ಚಿಕ್ಕಂದಿನಿಂದ ರೂಢಿಯಾಗಿತ್ತು.

ಗೂಳೂರು ದಾಟುವವರೆಗೆ ಕ್ಯಾಸೆಟ್ ಹಾಕಲಿಲ್ಲ. ದಾಟಿದ ಮೇಲೆ ರಂಗಣ್ಣ ಹಾಕಿದ. ಯಾವುದೋ ಹಿಂದಿ ಸಿನಿಮಾದ ಡೋಲಿನ ಹಾಡು. ಸೀಟಿನ ಬೆನ್ನಿನಿಂದ ದನಿ ಮೈಗೆ ಹತ್ತಿತು. ತಟ್ಟೆಯಲ್ಲಿ ಮೂಸಂಬಿಗಳು ಒಂದಕ್ಕೊಂದು ತಾಗಿ ಅಲ್ಲಾಡಿದವು. ಮಹಾಲಿಂಗಯ್ಯ ತಿರುಗಿ, "ಕೇಳ್ತಾ ಐತೆ ಸೋಮಿ, ಹೊಟ್ಟೆಗೇ ಕೇಳ್ತಾ ಐತೆ!" ಎಂದು ತನ್ನ ಹೊಟ್ಟೆಯನ್ನು ಮುಟ್ಟಿ ತೋರಿಸಿದ. ಅಷ್ಟು ದೊಡ್ಡ ಹೊಟ್ಟೆಗೆ ಕೇಳಿಸದಿದ್ದರೆ ಇನ್ನು ಯಾರಿಗೆ ಕೇಳಿಸಬೇಕಿತ್ತು. ಸುಬ್ಬಕೃಷ್ಣ ಅವನ ಕಡೆ ನೋಡಲೇ ಇಲ್ಲ. ಕಣ್ಣಂಚಿನಲ್ಲಿ ಅಪ್ಪನನ್ನು ನೋಡಿದ. ಅಪ್ಪ ಕಿಟಕಿಯ ಹೊರಗೆ ನೋಡುತ್ತಿದ್ದರು. ಮುಖ ಹುಳಿ ತಿಂದಂತಿತ್ತು. ಮುಗಿಯಿತು ಎಂದುಕೊಂಡ. ಯಾಕೆ ಕರೆದುಕೊಂಡು ಬಂದೆ, ಯಾರು ಕೇಳಿದ್ದರು, ಈ ವಯಸ್ಸಿನಲ್ಲಿ ಯಾರ ಮೆಚ್ಚುಗೆಗೆ ಈ ನಾಯಿಪಾಡು ಎಂದು ತನ್ನನ್ನೇ ಬೈದುಕೊಂಡ. ಆಮೇಲೆ ಶಾಲಿನ ಅಂಚು ಸರಿದದ್ದು ಕಾಣಿಸಿತು. ಅದರ ಕೆಳಗೆ, ಮಂಡಿಯ ಮೇಲೆ, ಅಪ್ಪನ ಎಡಗೈ ತಾಳ ಹಿಡಿಯುತ್ತಿತ್ತು. ಮುಖಕ್ಕೆ ಅದರ ಸುದ್ದಿಯೇ ಇರಲಿಲ್ಲ. ಮುಖ ಸಿನಿಮಾ ಹಾಡನ್ನು ಅಸಹ್ಯಪಡುತ್ತಿತ್ತು, ಕೈ ತನ್ನ ಪಾಡಿಗೆ ತಾನು ಗುಂ ಬಂದ ಕಡೆಯೆಲ್ಲ ಒತ್ತಿ ಜಾರುತ್ತಿತ್ತು. ಸುಬ್ಬಕೃಷ್ಣನ ಎದೆ ಎಷ್ಟು ಜೋರಾಗಿ ಹೊಡೆದುಕೊಂಡಿತೆಂದರೆ ತೊಡೆಯ ಮೇಲಿನ ತಟ್ಟೆ ಅದಕ್ಕೇ ಅಲ್ಲಾಡಿತೇನೋ ಎಂದು ಅನುಮಾನವಾಯಿತು. ಅವನು ತಟ್ಟೆಯನ್ನು ಗಟ್ಟಿಯಾಗಿ ಹಿಡಿದುಕೊಂಡ.

ಹೆಬ್ಬೂರು ಕಳೆಯುವ ಹೊತ್ತಿಗೆ ಬಿಸಿಲು ಏರಿತು. ಏಪ್ರಿಲ್ಲಿನ ಬಿಸಿಲು, ಅಂಬಾಸಿಡರಿನ ತಗಡು, ಪಕ್ಕದಲ್ಲಿ ಬಿಸಿಯಾಗುವ ಆಂಪ್ಲಿಫೈಯರ್. ಶೆಡ್ಡಿನಲ್ಲಿ ಅವನು ಎಲ್ಲವನ್ನೂ ಯೋಚಿಸಿದ್ದ. ಡಿಕ್ಕಿಯೊಳಗೆ ರವೆ ಒಣಗುತ್ತದೆ ಎನ್ನುವುದನ್ನು ಮಾತ್ರ ಯೋಚಿಸಿರಲಿಲ್ಲ. ರವೆ ನಾದಿಯೇ ಬೆಳೆದವನು ಮರೆತದ್ದು ರವೆಯನ್ನೇ. ಗುಂ ಎಂಬುದು ನಿಧಾನವಾಗಿ ಡಂ ಆಗತೊಡಗಿತು. ಮಹಾಲಿಂಗಯ್ಯನಿಗೆ ಇನ್ನೂ ತಿಳಿದಿರಲಿಲ್ಲ. ಅಪ್ಪನ ಕೈ ಮಂಡಿಯ ಮೇಲೆ ನಿಂತುಬಿಟ್ಟಿತು.

"ಎಡ ಏರ್ತಾ ಇದೆ" ಎಂದರು ಅಪ್ಪ, ಕಿಟಕಿಯ ಕಡೆಗೇ.

ಸುಬ್ಬಕೃಷ್ಣ ತಟ್ಟೆ ಹಿಡಿದುಕೊಂಡೇ ಅವರ ಕಡೆ ತಿರುಗಿದ.

"ಯಾವಾಗ ಹಚ್ಚಿದ್ದು?"

"ಬೆಳಗ್ಗೆ."

"ನೀರು ತಂದಿದೀಯಾ?"

"ಇಲ್ಲ."

"ಥೂ" ಎಂದರು ಅಪ್ಪ. ಜೀವಮಾನದಲ್ಲಿ ಸುಬ್ಬಕೃಷ್ಣನಿಗೆ ಇಷ್ಟು ಸಿಹಿಯಾಗಿ ಯಾರೂ ಥೂ ಎಂದಿರಲಿಲ್ಲ. ಶಿಷ್ಯರಿಗೆ ಮಾತ್ರ ಸಿಗುತ್ತಿದ್ದ ಥೂ ಅದು. ಅವನು ಮೂಸಂಬಿಗಳ ಕಡೆ ನೋಡುತ್ತ ನಕ್ಕ.

ಕುಣಿಗಲ್ ದೊಡ್ಡಕೆರೆಯ ಏರಿಯ ಹತ್ತಿರ, ಒಂದು ಚಹಾ ಅಂಗಡಿಯ ಮುಂದೆ ಮಹಾಲಿಂಗಯ್ಯ ಕಾರು ನಿಲ್ಲಿಸಿದ. ಗಂಡಿನ ಸೋದರಮಾವ ಇಬ್ಬರು ನೆಂಟರನ್ನು ಕರೆದುಕೊಂಡು ದಾರಿ ತೋರಿಸಲು ಅಲ್ಲಿಗೆ ಬಂದು ಕಾಯುವುದಾಗಿ ಹೇಳಿದ್ದ. ಅವರು ಬರುವುದರೊಳಗೆ ಮುಖ ತೊಳೆದು ಪೇಟ ಸುತ್ತಿಕೊಳ್ಳಬೇಕಿತ್ತು. ಇಳಿದ ಕೂಡಲೇ ಅವನು ಸುಬ್ಬಕೃಷ್ಣನ ಕಡೆ ತಿರುಗಿದ.

"ಏನ್ ಸೋಮಿ, ತಗಡು ಬಡ್ದಂಗೆ ಆಯ್ತಲ್ಲ ನಿಮ್ದು? ಹೊಟ್ಟೆಗೂ ಇಲ್ಲ, ಕಿವಿಗೂ ಇಲ್ಲ."

"ಸರಿ ಮಾಡ್ತೀನಿ. ಐದು ನಿಮಿಷ."

"ಬೇಗ ಬೇಗ ಮಾಡಿ. ಬೀದಿಗೆ ಹೋಗ್ತಿದ್ದಂಗೇ ಗುಡುಗ್ಬೇಕು. ಇಲ್ದಿದ್ರೆ ನನ್ ಮರ್ವಾದೆ ಏನಾಯ್ತದೆ?"

ಅವನ ಮರ್ಯಾದೆ ಹಲಸಿನ ಪೆಟ್ಟಿಗೆಯೊಳಗೆ ಇರುವುದು ಸುಬ್ಬಕೃಷ್ಣನಿಗೆ ಗೊತ್ತಿರಲಿಲ್ಲ. ತನ್ನದು ಅಲ್ಲಿದೆ ಎಂದು ಮಾತ್ರ ಗೊತ್ತಿತ್ತು. ಡಿಕ್ಕಿ ತೆಗೆದ. ಕೋನಿನ ನಡುವೆ ರವೆ ಬಿಳಿಚಿಕೊಂಡು ಅಂಚಿನಲ್ಲಿ ಬಿರುಕು ಬಿಟ್ಟಿತ್ತು. ಚಹಾ ಅಂಗಡಿಯಿಂದ ನೀರು ತರಲು ತಿರುಗುವಷ್ಟರಲ್ಲಿ ಅಪ್ಪ ಕಾರಿನಿಂದ ಇಳಿದು, ತಮ್ಮ ಹಿತ್ತಾಳೆ ಚೊಂಬಿನ ನೀರನ್ನು ತೆಗೆದುಕೊಂಡು, ಅವನನ್ನು ಮೊಣಕೈಯಿಂದ ಪಕ್ಕಕ್ಕೆ ಸರಿಸಿ ನಿಂತಿದ್ದರು. "ನೀನು ಸುಮ್ನಿರು" ಎಂದರು. ಬಾಗಿ, ಎಡಗೈ ಬೆರಳುಗಳನ್ನು ಅದ್ದಿ, ರವೆಯ ಮೇಲೆ ನೀರು ಸವರಿದರು. ಬಿರುಕು ಮುಚ್ಚಿದರು. ಅಂಚು ದುಂಡು ಮಾಡಿದರು. ಇನ್ನೂ ಸ್ವಲ್ಪ ನೀರು. ಅವರ ಬೆನ್ನು ಬಾಗಿದ ರೀತಿಯಲ್ಲಿ, ತುಟಿ ಒಳಗೆಳೆದುಕೊಂಡ ರೀತಿಯಲ್ಲಿ, ಅದು ಗುತ್ತಿಗೆದಾರನ ಕಾರಿನ ಡಿಕ್ಕಿ ಎಂಬ ನೆನಪೇ ಇರಲಿಲ್ಲ. ಅವರು ಹಜಾರದಲ್ಲಿದ್ದರು. ಎದುರಿಗೆ ಒಳ್ಳೆಯ ಮೃದಂಗವಿತ್ತು. ರವೆ ಹದಕ್ಕೆ ಬಂದಿತ್ತು. ಇನ್ನು ನುಡಿಸಿ ನೋಡುವುದೊಂದೇ ಬಾಕಿ. ಅಪ್ಪ ಎಡಗೈ ಎತ್ತಿದರು.

ಆಗ ಸುಬ್ಬಕೃಷ್ಣನಿಗೆ ಸಮಯವಿತ್ತು. ಆಮೇಲೆ ಇರಲಿಲ್ಲವೆಂದು ಎಷ್ಟು ಸಲ ತನಗೆ ತಾನೇ ಹೇಳಿಕೊಂಡರೂ, ಇತ್ತು. ಅಪ್ಪಾ, ಅದು ಕಾಗದ ಎನ್ನಲು ಎಷ್ಟು ಹೊತ್ತು ಬೇಕು? ನಾಲಿಗೆಯ ತುದಿಗೆ ಬಂದಿತ್ತು. ಆದರೆ ಮಗನ ಕೈಯಿಂದ ಆದ ವಾದ್ಯದ ಮೇಲೆ ಅಪ್ಪ ಕೈ ಎತ್ತಿದ್ದರು, ಆ ಏಟು ಹೇಗೆ ಕೇಳುತ್ತದೆಂದು ಅವನಿಗೆ ಕೇಳಬೇಕಾಗಿತ್ತು. ಕಡಬದಿಂದ ಅಯಸ್ಕಾಂತ ಹೊತ್ತು ತಂದದ್ದು, ಮುರಿದ ಕಾಲಿನ ಎಕ್ಸ್‌ರೇ ಬೇಡಿದ್ದು, ಬಾಣಲೆ ಕೆಡಿಸಿದ್ದು, ಎಲ್ಲವೂ ಇದಕ್ಕೇ ಎಂದು ಅನಿಸಿತು. ಬಾಯಿ ಮುಚ್ಚಿಕೊಂಡು ನಿಂತ. ಕೈ ಇಳಿಯಿತು. ಅಂಗೈ ಒತ್ತಿ ಜಾರಿಸುವ ಏಟು. ಒಂದು ಕ್ಷಣ, ನಿಜವಾಗಿ ಒಂದೇ ಒಂದು ಕ್ಷಣ, ಗುಂ ಎಂದಿತು. ಪೆಟ್ಟಿಗೆ ತುಂಬಿ, ಡಿಕ್ಕಿ ತುಂಬಿ ಬಂತು. ಆಮೇಲೆ ಹಪ್ಪಳ ಮುರಿದಂತೆ ಸದ್ದಾಗಿ ಅಪ್ಪನ ಕೈ ಮಣಿಕಟ್ಟಿನವರೆಗೆ ಒಳಗೆ ಹೋಯಿತು.

ಅಪ್ಪ ಕೈಯನ್ನು ಹೊರಗೆಳೆದುಕೊಂಡು ಅದನ್ನೇ ನೋಡಿದರು. ಬೆರಳಿಗೆಲ್ಲ ಕಪ್ಪು ಕಾಗದದ ಚೂರು, ಒದ್ದೆ ರವೆ. ಅಷ್ಟರಲ್ಲಿ ಗಂಡಿನ ಸೋದರಮಾವ ನೆಂಟರ ಜೊತೆ ಬಂದಾಗಿತ್ತು. ಮಹಾಲಿಂಗಯ್ಯ ಪೇಟದ ಒಂದು ತುದಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡೇ ಅವರಿಗೆ ತನ್ನ ಗುಡುಗಿನ ಪೆಟ್ಟಿಗೆ ತೋರಿಸಲು ಹಿಂದಕ್ಕೆ ಕರೆತಂದ. ನೋಡಿದ. ಪೇಟದ ತುದಿ ಬಾಯಿಂದ ಬಿತ್ತು.

"ಯಾವನ್ಲಾ ಮಾಡಿದ್ದು ಇದ್ನ?"

ಅವನ ದನಿಯಲ್ಲಿ ಸೋಮಿ ಮಾಯವಾಗಿತ್ತು. ಚಹಾ ಕುಡಿಯುತ್ತಿದ್ದವರು ಲೋಟ ಹಿಡಿದುಕೊಂಡೇ ಹತ್ತಿರ ಬಂದರು. ರಂಗಣ್ಣ ತನಗೆ ಸಂಬಂಧವಿಲ್ಲದವನಂತೆ ಮುಂದಿನ ಗಾಜು ಒರೆಸತೊಡಗಿದ. ಸುಬ್ಬಕೃಷ್ಣ ಅಪ್ಪನ ಕಡೆ ನೋಡಿದ. ತಾಳ ತಪ್ಪಿದ ಹಾಡುಗಾರನನ್ನು ತುಂಬಿದ ಸಭೆಯಲ್ಲಿ ನಿಲ್ಲಿಸಿ ಕೇಳಿದ ಮನುಷ್ಯ. ದೊಡ್ಡ ದೊಡ್ಡವರ ಮುಂದೆ ತಲೆ ತಗ್ಗಿಸದವರು ಎಂದು ಹೆಸರಾದವರು. ಆ ಅಪ್ಪ ಮೆಲ್ಲಗೆ ಎಡಗೈಯನ್ನು ಶಾಲಿನೊಳಗೆ ಎಳೆದುಕೊಂಡರು.

"ಕಾಗದ ಸರಿಯಿಲ್ಲ" ಎಂದರು. "ಇವನಿಗೆ ಮೊದಲಿನಿಂದ್ಲೂ ಕೈ ಸರಿಯಿಲ್ಲ ಸ್ವಾಮಿ. ಸೌಟು ಅದು. ನಾನು ಹೇಳ್ತಾನೇ ಬಂದೆ."

ನೆಂಟರಲ್ಲೊಬ್ಬ ನಕ್ಕ. ಸುಬ್ಬಕೃಷ್ಣನಿಗೆ ತಾನೂ ನಗಬೇಕು ಎನಿಸಿತು, ಬಾಯಿ ಅದಕ್ಕೆ ಸಿದ್ಧವೂ ಆಯಿತು. ನಗು ಬರಲಿಲ್ಲ. ಕೋಪವೂ ಬರಲಿಲ್ಲ, ಅದೇ ಅವನಿಗೆ ಸೋಜಿಗ. ಅಪ್ಪನಿಗೆ ಹೆದರಿಕೆಯಾಗಿದೆ ಎಂಬುದಷ್ಟೇ ಕಾಣುತ್ತಿತ್ತು. ರೇಷ್ಮೆ ಪಂಚೆಯ ಒಬ್ಬ ಗುತ್ತಿಗೆದಾರನಿಗೆ ಅಪ್ಪ ಹೆದರಿದ್ದರು. ಇಂಥ ಮನುಷ್ಯನ ಒಂದು ತಲೆದೂಗುವಿಕೆಗೆ ತಾನು ಇಷ್ಟು ವರ್ಷ ಕಾದದ್ದು ಎಂದುಕೊಂಡ. ಅಯ್ಯೋ ಪಾಪ ಅನಿಸಿತು. ಅಪ್ಪನಿಗೋ ತನಗೋ ಎಂದು ವಿಚಾರಿಸಲು ಹೋಗಲಿಲ್ಲ. ಆ ಏಟು ತನ್ನ ಕಿವಿಯಲ್ಲಿತ್ತು. ಅಪ್ಪ ಏನು ಹೇಳಿದರೂ ಅಪ್ಪನ ಕೈ ಬೇರೆಯದನ್ನು ಹೇಳಿಯಾಗಿತ್ತು, ಹಾಗೆ ಅಂಗೈ ಒತ್ತುವುದು ಅವರು ಕೆಟ್ಟ ವಾದ್ಯದ ಮೇಲೆ ಎಂದೂ ಮಾಡಿದವರಲ್ಲ.

ಜೇಬಿನಿಂದ ಕರವಸ್ತ್ರ ತೆಗೆದ. ಚೊಂಬಿನಲ್ಲಿ ಉಳಿದ ನೀರಿಗೆ ಅದ್ದಿ ಹಿಂಡಿದ. ಎಲ್ಲರೂ ನೋಡುತ್ತಿರುವಾಗಲೇ ಅಪ್ಪನ ಮುಂದೆ ಹೋಗಿ ನಿಂತು, ಶಾಲು ಸರಿಸಿ, ಎಡಗೈಯನ್ನು ಮಣಿಕಟ್ಟಿನಲ್ಲಿ ಹಿಡಿದು ಹೊರಗೆ ತೆಗೆದ. ಕಪ್ಪು ಚೂರುಗಳು ಬಿಸಿಲಿಗೆ ಚೆನ್ನಾಗಿ ಕಾಣಿಸಿದವು. ಮಹಾಲಿಂಗಯ್ಯನ ಕಣ್ಣು ಆ ಕೈಯಿಂದ ಹರಿದ ಕೋನಿಗೆ ಹೋಯಿತು. ನಕ್ಕವನು ನೆಲ ನೋಡಿದ. ಸುಬ್ಬಕೃಷ್ಣ ಹೆಬ್ಬೆರಳಿನಿಂದ ಶುರುಮಾಡಿದ. ಉಗುರಿನ ಸಂದಿಯಲ್ಲಿ ಸಿಕ್ಕಿಕೊಂಡಿದ್ದ ರವೆಯನ್ನೂ ಬಿಡದೆ, ಅವಸರವಿಲ್ಲದೆ, ಒಂದೊಂದೇ ಬೆರಳನ್ನು ಒರೆಸಿದ.

ಅಪ್ಪ ಕೈ ಎಳೆದುಕೊಳ್ಳಲು ನೋಡಿದರು. ಆಗಲಿಲ್ಲ.

"ಬಿಡೋ" ಎಂದರು ಬಹಳ ಸಣ್ಣ ದನಿಯಲ್ಲಿ. "ಎಲ್ಲಾರೂ ನೋಡ್ತಿದಾರೆ ಕಣೋ."

"ನೋಡ್ಲಿ ಬಿಡಿ ಅಪ್ಪ" ಎಂದ ಸುಬ್ಬಕೃಷ್ಣ. "ಇನ್ನೂ ಎರಡು ಬೆರಳಿದೆ. ಸರಿಯಾಗಿ ಕೊಡಿ."